ಒಂದೇ ಉಸಿರಿಗೆ

ಹತ್ತು ದಿನದ ಜ್ವರವನ್ನು ಎತ್ತಿಕೊಂಡು ಬಂದಳು ಖೈರುನ್
ಮಂಡಕ್ಕಿ ಭಟ್ಟಿ ಓಣಿಯಿಂದ, ಆಟೋದಲ್ಲಿ.
ಸೆರಗಿನಲ್ಲಿ ಸುಟ್ಟ ಹೊಟ್ಟಿನ ವಾಸನೆ.
"ಮೂರು ಸೂಜಿ ಆದ್ವು ಸಿಸ್ಟರಕ್ಕ,
ಬಿಟ್ಟಂಗೆ ಮಾಡಿ ಮತ್ತೆ ಬರ್ತೈತೆ."
ದಾದಾಪೀರ, ಆರು ವರ್ಷ, ಹದಿನಾಲ್ಕು ಕೇಜಿ,
ಬಲಕ್ಕೆ ವಾಲಿ ಕೂತಿದ್ದ,
ಸೋರುವ ಕೊಡವನ್ನು ಪಕ್ಕೆಗೆ ಒತ್ತಿ ಹಿಡಿದವರ ಹಾಗೆ.

ಡಾಕ್ಟರ್ ತಿಪ್ಪೇಶ ಬೆರಳ ಮೇಲೆ ಬೆರಳಿಟ್ಟು ಬೆನ್ನು ತಟ್ಟಿದರು.
ಎಡಗಡೆ ಖಾಲಿ ಡಬ್ಬ, ಸರಿ.
ಬಲಗಡೆ
ಜೋಳ ತುಂಬಿದ ಚೀಲ.
ಸದ್ದೇ ಮೇಲೇಳಲಿಲ್ಲ.

ಸ್ಕ್ಯಾನಿನ ಪರದೆಯಲ್ಲಿ ನಾನೂ ನೋಡಿದೆ:
ಪಕ್ಕೆಗೂ ಶ್ವಾಸಕೋಶಕ್ಕೂ ನಡುವೆ ಕೀವು,
ಕೀವಿನೊಳಗೆ ಬಲೆ, ಬಲೆಯೊಳಗೆ ಕೋಣೆ,
ವಠಾರದಂತೆ ಸಣ್ಣ ಸಣ್ಣ ಕೋಣೆ,
ಒಂದರ ನೀರು ಇನ್ನೊಂದಕ್ಕೆ ಹರಿಯುವಂತಿಲ್ಲ.
ಅದರಡಿ ಶ್ವಾಸಕೋಶ, ಮುಷ್ಟಿಯಷ್ಟೇ,
ನೆನೆದ ಮಂಡಕ್ಕಿ.

ಹೀಗಂತ ಚಮನ್ ಸಾಬನಿಗೆ ಹೇಳಿದವಳು ನಾನೇ.
ಡಾಕ್ಟರ ಮಾತಿಗೆಲ್ಲ ಹೂಂ ಅನ್ನುತ್ತಿದ್ದವನು
ಮಂಡಕ್ಕಿ ಅಂದ ಕೂಡಲೇ ತಲೆ ಎತ್ತಿದ.
"ನೆಂದಿದ್ದು ಮತ್ತೆ ಅರಳಲ್ಲ ಅಕ್ಕ" ಅಂದ,
ಇಪ್ಪತ್ತು ವರ್ಷ ಕಾದ ಮರಳಿನ ಮುಂದೆ ನಿಂತವನು.
ನನ್ನ ಹೋಲಿಕೆ ನನಗೇ ಚುಚ್ಚಿತು.
ಸಹಿ ಮಾಡುವ ಜಾಗ ತೋರಿಸಿದೆ.

ಎರಡು ಪಕ್ಕೆಲುಬಿನ ನಡುವೆ ಕೊಳವೆ,
ಕೆಳಗೆ ನೆಲದ ಮೇಲೆ ಬಾಟಲಿ.
ಮಗು ಉಸಿರೆಳೆದರೆ ಕೊಳವೆಯ ನೀರು ಏರುತ್ತದೆ,
ಬಿಟ್ಟರೆ ಇಳಿಯುತ್ತದೆ.
ಬಾಟಲಿ ಎತ್ತಬೇಡ, ಎದೆಗಿಂತ ಮೇಲೆ ಯಾವತ್ತೂ ಬೇಡ
ಅಂತ ಎಷ್ಟು ಸಲ ಹೇಳಿದೆನೋ,
ಖೈರುನ್ ರಾತ್ರಿಯೆಲ್ಲ ನೆಲದಲ್ಲೇ ಮಲಗಿದಳು,
ಮಗನ ಕಡೆ ಬೆನ್ನು, ಬಾಟಲಿ ಕಡೆ ಮುಖ.

ಮೊದಲ ಬೆಳಗ್ಗೆ ಆರಕ್ಕೆ
ಪ್ಲಾಸ್ಟರ್ ಪಟ್ಟಿಯ ಮೇಲೆ ಗೆರೆ ಎಳೆದೆ: ಮುನ್ನೂರ ಇಪ್ಪತ್ತು.
ಹಳದಿ, ಗಟ್ಟಿ. (ಒಂದು ತಿಂಗಳು
ನಮ್ಮ ಮನೆಯಲ್ಲಿ ಮಜ್ಜಿಗೆಹುಳಿ ಇಲ್ಲ.)
ಮರುದಿನ ನಲವತ್ತು.
ಅದರ ಮರುದಿನ ಏನೂ ಇಲ್ಲ,
ಕೊಳವೆಯ ನೀರೂ ಅಲ್ಲಾಡುತ್ತಿಲ್ಲ,
ಜ್ವರ ಮಾತ್ರ ನೂರಾ ಮೂರು.
ಖಾಲಿಯಾಗಿ ನಿಂತದ್ದಲ್ಲ ಅದು.
ಕೋಣೆಗಳು ಒಳಗಿಂದ ಅಗುಳಿ ಹಾಕಿಕೊಂಡಿದ್ದವು.

"ಕೊಯ್ತೀರಾ?" ಚಮನ್ ಸಾಬನ ಧ್ವನಿ
ಮೆಟ್ಟಿಲ ಮೇಲಿಂದ ಬಂತು, ಒಳಗೆ ಬರಲಿಲ್ಲ ಅವನು.
"ಮೂರು ದಿನ ನೋಡೋಣ" ಅಂದರು ತಿಪ್ಪೇಶ.
ಆ ಬಲೆ ಕರಗಿಸುವ ಔಷಧಿಯಂತೆ, ಯುರೊಕೈನೇಸ್,
ಕೊಳವೆಯಲ್ಲೇ ಒಳಗೆ ಬಿಟ್ಟು
ಕ್ಲ್ಯಾಂಪ್ ಹಾಕಿ ನಾಲ್ಕು ಗಂಟೆ.
ಅಷ್ಟು ಹೊತ್ತೂ ಮಗುವನ್ನು ಹೊರಳಿಸುವುದು,
ಎಡಕ್ಕೆ, ಬಲಕ್ಕೆ, ಕೂರಿಸಿ, ಬೋರಲು,
ನೋವಿಗೆ ಅವನು ನನ್ನ ಅಪ್ಪನಿಗೆ ಬೈಯುವುದು.
ಕ್ಲ್ಯಾಂಪ್ ಬಿಚ್ಚಿದೆ.
ನೂರಾ ಎಂಬತ್ತು!
ಕೆಂಪು ಬೆರೆತ ಕೀವು, ತುಣುಕು ತುಣುಕು ಬಲೆ.
ಇಂಥ ಕೊಳಕು ಕಂಡು ಇಷ್ಟು ಹಿಗ್ಗಿದವಳು
ದಾವಣಗೆರೆಯಲ್ಲಿ ಆ ಹೊತ್ತು ನಾನೊಬ್ಬಳೇ ಇದ್ದೇನು.

ಮತ್ತೆ ಐದು ಸಲ ಹಾಗೆಯೇ.
ಆಮೇಲೊಂದು ಎಕ್ಸ್‌ರೇ.
ಚಮನ್ ಸಾಬ ಅದನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನಿಂತ.
ಬುಡದಲ್ಲಿ ಇನ್ನೂ ಬಿಳಿ, ವಾರಗಟ್ಟಲೆ ಬೇಕು ಅದಕ್ಕೆ.
ಮೇಲೆಲ್ಲ ಕಪ್ಪು. ಗಾಳಿ.
"ಅರಳೈತೆ" ಅಂದ. ನನಗಲ್ಲ, ತನಗೇ.
ಹೊಗೆಯಿಂದ ದೂರ ಇಡಿ ಅಂತ ಚೀಟಿಯಲ್ಲಿ ಬರೆದಿತ್ತು.
"ಮನೆ ಭಟ್ಟಿ ಹಿಂದ್ಲೇ ಐತಲ್ರೀ" ಅಂದಳು ಖೈರುನ್.
ತಿಪ್ಪೇಶ ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಹಾಕಿದರು.

ಒಂದೇ ಉಸಿರಿಗೆ ಎಣಿಸು ಅಂತ ದಿನಾ ಕೇಳುತ್ತಿದ್ದೆ.
ಬಂದ ದಿನ: ಏಕ್. ದೋ. ಅಷ್ಟೇ.
ಔಷಧಿಯ ಮೂರನೇ ದಿನ ಏಳರವರೆಗೆ ಹೋದ.
ಕೊಳವೆ ತೆಗೆದ ದಿನ ಹನ್ನೊಂದು, ಅಳುತ್ತಲೇ.
ಆಮೇಲೆ ಬಲೂನು ಊದಿದ,
ಊದುವ ಡಬ್ಬದ ಮೂರು ಚೆಂಡಿನಲ್ಲಿ ಎರಡನ್ನು ಏರಿಸಿದ.
ಮನೆಗೆ ಹೊರಟ ಬೆಳಗ್ಗೆ, ವಾರ್ಡಿನ ಬಾಗಿಲಲ್ಲಿ,
ಒಂದು ಕೈ ಹೊಲಿಗೆಯ ಮೇಲಿಟ್ಟು ಶುರು ಮಾಡಿದ:
ತೇರಾ, ಚೌದಾ, ಪಂದ್ರಾ,
ಮುಖ ಕೆಂಪೇರಿತು,
ಅಠ್ರಾ, ಬೀಸ್!

ಇಪ್ಪತ್ತರತನಕ ಉರ್ದು ನನಗೆ ಬಂದದ್ದೇ ಇವನಿಂದ.
ಹಾರಿಸಿದ್ದು ಎಷ್ಟು ಅಂತ ಗೊತ್ತಾಯಿತು.
ಕೇಸ್ ಶೀಟಿನ ಕೊನೆಯ ಸಾಲಿನಲ್ಲಿ
ಹದಿನೇಳು ಅಂತ ಬರೆದೆ.
ಅವನಿಗೆ ಕೇಳುವಂತೆ ಇಪ್ಪತ್ತು ಅಂದೆ.